ಬಾಸ್ಟನ್‌ನಲ್ಲಿ ಫಾಲ್ ನೋಡೋಕೆ ಯಾವ ತೋಟ?

ಅಕ್ಟೋಬರ್ ಬಂತೆಂದರೆ ಇಲ್ಲಿನ ನಮ್ಮ ಜನ ಕಾರು ಹತ್ತಿ ಪಕ್ಕದ ರಾಜ್ಯ ನ್ಯೂ ಹ್ಯಾಂಪ್‌ಶೈರ್ ಕಡೆ ಹೊರಡುತ್ತಾರೆ. ಫಾಲ್ ಅಂದರೆ ಮರದ ಎಲೆ ಉದುರುವ ಮೊದಲು ಕೆಂಪು, ಹಳದಿಗೆ ತಿರುಗುವ ಕಾಲ. ಎಲೆ ನೋಡಲು ಹೋಗಿ ಟ್ರಾಫಿಕ್ ನೋಡಿ ಬರುತ್ತಾರೆ. ರೈಲು, ಬಸ್ಸಿನಲ್ಲೇ ಹೋಗಬಹುದಾದ ಮೂರು ಜಾಗ ಹತ್ತಿರದಲ್ಲೇ ಇವೆ. ಮೂರರಲ್ಲೂ ನಡೆದಿದ್ದೇನೆ. ಎಲ್ಲೂ ಟಿಕೆಟ್ ಇಲ್ಲ.

ಪಬ್ಲಿಕ್ ಗಾರ್ಡನ್ ಆರ್ಲಿಂಗ್ಟನ್ ಸ್ಟೇಷನ್ನಿನ ಎದುರಿಗೇ ಇದೆ. 24 ಎಕರೆ ಅಷ್ಟೇ, ಅರ್ಧ ಗಂಟೆಗೆ ಮುಗಿಯುತ್ತದೆ. ಕೊಳ, ಸೇತುವೆ, ಹೂವಿನ ಪಾತಿ ಎಲ್ಲ ಫೋಟೋಗೆ ಚೆನ್ನ. ಕೊಳದಲ್ಲಿ ಓಡುವ ಹಂಸದ ಆಕಾರದ ದೋಣಿಗಳು ಮಾತ್ರ ಸೆಪ್ಟೆಂಬರ್ ಶುರುವಿಗೇ ನಿಂತುಬಿಡುತ್ತವೆ. ಮಕ್ಕಳಿಗೆ ಸುಮ್ನೆ ಆಸೆ ಹುಟ್ಟಿಸಬೇಡಿ.

ನನ್ನ ಓಟು ಆರ್ನಾಲ್ಡ್ ಆರ್ಬೊರೇಟಮ್ ಎಂಬ ಮರಗಳ ತೋಟಕ್ಕೆ. 1872ರಲ್ಲಿ ಶುರುವಾದದ್ದು, 281 ಎಕರೆ, ನೋಡಿಕೊಳ್ಳುವುದು ಹಾರ್ವರ್ಡ್. ಆರೆಂಜ್ ಲೈನ್ ರೈಲಿನ ಕೊನೆ ಸ್ಟಾಪ್ ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದು ನಡೆಯಬೇಕು. ಮರಕ್ಕೊಂದು ಚಿಕ್ಕ ಬಿಲ್ಲೆ, ಅದರಲ್ಲಿ ಹೆಸರು, ಮೂಲ ಎಲ್ಲ ಇರುತ್ತದೆ. ಮೇಪಲ್ ಕೆಂಪು ಎಲ್ಲಾದರೂ ಸಿಗುತ್ತದೆ ಬಿಡಿ. ಇಲ್ಲಿ ಹುಡುಕಬೇಕಾದ್ದು ಕತ್ಸುರಾ. ಚೀನಾ, ಜಪಾನ್ ಕಡೆಯ ಮರ. ಎಲೆ ಹಳದಿಯಾಗಿ ಉದುರುವಾಗ ಬೆಲ್ಲದ ಪಾಕ ಚೂರು ಸೀದ ಹಾಗೆ ಘಮ ಬರುತ್ತದೆ. ಎಲೆಯಲ್ಲಿರುವ ಮಾಲ್ಟಾಲ್ ಎಂಬ ರಾಸಾಯನಿಕ ಅದಕ್ಕೆ ಕಾರಣ. ಎಷ್ಟೋ ಸಲ ಮರ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಕ್ಕಿರುತ್ತದೆ. ಡಾನ್ ರೆಡ್‌ವುಡ್ ಮರ ಕೂಡ ಬಿಡಬೇಡಿ. ಪಳೆಯುಳಿಕೆಯಲ್ಲಷ್ಟೇ ಗೊತ್ತಿದ್ದ ಈ ಜಾತಿ 1940ರ ದಶಕದಲ್ಲಿ ಚೀನಾದಲ್ಲಿ ಜೀವಂತ ಸಿಕ್ಕಿತು. ಅದರ ಬೀಜ 1948ರಲ್ಲಿ ಇಲ್ಲಿಗೆ ಬಂತು. ಸಾಮಾನ್ಯವಾಗಿ ವರ್ಷವಿಡೀ ಹಸಿರಾಗಿರುವ, ಪೈನ್‌ನಂಥ ಶಂಕುಧಾರಿ ಮರಗಳ ಬಳಗದ್ದೇ ಆದರೂ ಇದು ಇಟ್ಟಿಗೆ ಬಣ್ಣಕ್ಕೆ ತಿರುಗಿ ಪೂರ್ತಿ ಬೋಳಾಗುತ್ತದೆ. ಒಂದೇ ಕಷ್ಟ, ಗುಡ್ಡ ಜಾಸ್ತಿ. ಒಳಗೆ ಕಾರು ಬಿಡುವುದಿಲ್ಲ.

ಮಂಡಿ ನೋವಿನ ಅಪ್ಪ-ಅಮ್ಮ ಬಂದಿದ್ದರೆ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನ ಮೌಂಟ್ ಆಬರ್ನ್ ವಾಸಿ. ಕಾರಿನಲ್ಲೇ ಒಳಗೆ ಹೋಗಬಹುದು. ಆದರೆ ಅದು ಸ್ಮಶಾನ. "ರಜಾ ದಿನ ಅಲ್ಲಿಗಾ?" ಎಂದು ನಮ್ಮಮ್ಮ ಮುಖ ಸಿಂಡರಿಸಿದ್ದರು. ಒಳಗೆ ಹೋದ ಮೇಲೆ ಹೊರಡಲು ಒಪ್ಪಲಿಲ್ಲ. 1831ರ ಜಾಗ, 175 ಎಕರೆ, ಭಾರಿ ಹಳೆಯ ಮರಗಳು. ಬರೀ ಬಣ್ಣದ ಲೆಕ್ಕ ಹಿಡಿದರೆ ಇದೇ ಮೇಲು. ಗುಡ್ಡದ ಮೇಲಿನ ವಾಷಿಂಗ್ಟನ್ ಟವರ್ ತೆರೆದಿದ್ದರೆ ಹತ್ತಿ, ಬಾಸ್ಟನ್ ಪೂರ್ತಿ ಕಾಣುತ್ತದೆ. ಪಿಕ್ನಿಕ್ ಮಾಡುವಂತಿಲ್ಲ, ನಾಯಿಗೂ ಪ್ರವೇಶವಿಲ್ಲ. ಚಿತ್ರಾನ್ನದ ಡಬ್ಬಿ ಕಾರಿನಲ್ಲೇ ಇರಲಿ.

ಬಿಸಿಲಿನ ಹಗಲು, ತಣ್ಣನೆ ರಾತ್ರಿ ಸಾಲಾಗಿ ಬಂದ ವರ್ಷ ಕೆಂಪು ಚೆನ್ನಾಗಿ ಏರುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ಹೊತ್ತಿಗೆ ಹೋದರೆ ಸರಿ. ಜೋರು ಮಳೆ-ಗಾಳಿ ಬರುತ್ತದೆ ಎಂದು ಹವಾಮಾನದವರು ಹೇಳಿದರೆ ಅದರ ಹಿಂದಿನ ದಿನವೇ ಹೊರಡಿ.