ಟಿವಿ ಪ್ಲೇಯರಿಗೆ ಸಲೀಸು, ಕಂಪ್ಯೂಟರಿಗೆ ಕಂಟಕ: ತರಲೆ ಡಿವಿಡಿಗಳನ್ನು ಎಲ್ಲೆಲ್ಲಿ ಹಾಕಿ ನೋಡಿದೆ

ಪರೀಕ್ಷೆಗೆ ಆರಿಸಿಕೊಂಡಿದ್ದು ಎರಡು ಡಿಸ್ಕ್. ಒಂದು ದುಡ್ಡು ಕೊಟ್ಟು ತಂದ ಸಿನಿಮಾ ಡಿವಿಡಿ. ಒಂದು ಗೀರೂ ಇಲ್ಲ. ಇನ್ನೊಂದು ಮನೆಯಲ್ಲೇ ಬರೆದಿಟ್ಟ ಹಳೆಯ ಡಿವಿಡಿ-ಆರ್. ಮೇಲೆ ಕಾಗದದ ಲೇಬಲ್ ಬೇರೆ ಅಂಟಿಸಿದೆ. ಎರಡೂ ಟಿವಿ ಪ್ಲೇಯರಿನಲ್ಲಿ ಓಡುತ್ತವೆ, ಕಂಪ್ಯೂಟರನ್ನು ಮಾತ್ರ ಕೆಡವುತ್ತವೆ.

ಮೊದಲು ಟಿವಿ ಪ್ಲೇಯರ್. ಸಿನಿಮಾ ಡಿಸ್ಕ್ ಆರಾಮಾಗಿ ಓಡಿತು. ಲೇಬಲ್ ಡಿಸ್ಕಿನಲ್ಲಿ ಕೊನೆಕೊನೆಗೆ ಚಿತ್ರ ಚೌಕಚೌಕವಾಗಿ ಒಡೆಯಿತು, ಮಾತು ಒಂದು ಕ್ಷಣ ನುಂಗಿಹೋಯಿತು, ಮತ್ತೆ ಮುಂದಕ್ಕೆ ಸಾಗಿತು. ಡಿವಿಡಿ ಸಿನಿಮಾಕ್ಕೆ ಬೇಕಾಗುವುದು ಹೆಚ್ಚೆಂದರೆ ಸೆಕೆಂಡಿಗೆ 10.08 ಮೆಗಾಬಿಟ್. ಅದಕ್ಕೆ 1 ಎಕ್ಸ್ ವೇಗ, ಅಂದರೆ ಸೆಕೆಂಡಿಗೆ ಸುಮಾರು 1.38 ಮೆಗಾಬೈಟ್ ಸಾಕು. ಹಾಗಾಗಿ ಪ್ಲೇಯರ್ ಡಿಸ್ಕನ್ನು ನಿಧಾನಕ್ಕೆ ತಿರುಗಿಸುತ್ತದೆ. ಓದಲಾಗದ ತುಣುಕು ಸಿಕ್ಕರೆ ಬಿಟ್ಟು ಮುಂದೆ ಹೋಗುತ್ತದೆ, ಯಾಕೆಂದರೆ ಚಿತ್ರ ನಿಲ್ಲಬಾರದು. ಇನ್ನೂ ಮುಖ್ಯವಾದದ್ದೆಂದರೆ, ಅದು ಡಿಸ್ಕಿನ ಐಎಫ್‌ಒ ಫೈಲುಗಳು (ಯಾವುದನ್ನು ಎಲ್ಲಿಂದ ಓಡಿಸಬೇಕೆಂದು ಹೇಳುವ ದಾರಿಪಟ್ಟಿ) ತೋರಿಸಿದಲ್ಲಿಗೆ ಮಾತ್ರ ಹೋಗುತ್ತದೆ. ಗಾಣದೆತ್ತು, ಜಾಡು ಬಿಟ್ಟು ಕದಲುವುದಿಲ್ಲ.

ಕಂಪ್ಯೂಟರ್ ಹಾಗಲ್ಲ. ಸಿನಿಮಾ ಡಿಸ್ಕ್ ಹಾಕಿ ವಿಂಡೋಸ್ ತನ್ನಷ್ಟಕ್ಕೆ ತೆರೆಯಲು ಬಿಟ್ಟೆ. ಫೋಲ್ಡರ್ ಕಿಟಕಿ ಬಂತು, ಕರ್ಸರಿನ ಬಳೆ ತಿರುಗಲು ಶುರುವಾಯಿತು, ಡ್ರೈವ್ ಜೋರಾಗಿ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು. ಟಾಸ್ಕ್ ಮ್ಯಾನೇಜರಿನಲ್ಲಿ 'ಎಂಡ್ ಟಾಸ್ಕ್' ಒತ್ತಿದರೂ ಪ್ರೋಗ್ರಾಂ ಸಾಯಲಿಲ್ಲ.

ಇಂಥ ಕೆಲವು ಡಿಸ್ಕುಗಳಲ್ಲಿ ಬೇಕೆಂದೇ ಕೆಟ್ಟ ಸೆಕ್ಟರ್‌ಗಳನ್ನು, ಅಂದರೆ ಓದಲಾಗದ ದತ್ತಾಂಶದ ಪುಟ್ಟ ತುಂಡುಗಳನ್ನು, ಇಟ್ಟಿರುತ್ತಾರೆ. ಸೋನಿಯ ಆರ್ಕೋಸ್, 2005ರಲ್ಲಿ ಬಂದ ಮ್ಯಾಕ್ರೋವಿಷನ್‌ನ ರಿಪ್‌ಗಾರ್ಡ್, ಇವೆಲ್ಲ ನಕಲು ತಡೆಯುವ ತಂತ್ರಗಳು. ಸಿನಿಮಾದ ಜಾಡು ಆ ಸೆಕ್ಟರ್‌ಗಳ ಮೇಲೆ ಹಾಯುವುದೇ ಇಲ್ಲವಾದ್ದರಿಂದ ಟಿವಿ ಪ್ಲೇಯರಿಗೆ ಅವು ಇರುವುದೇ ಗೊತ್ತಾಗದು. ಕಂಪ್ಯೂಟರಿನಲ್ಲಿ ಆಂಟಿವೈರಸ್ಸೋ ಫೈಲಿನ ಪುಟ್ಟ ಚಿತ್ರ (ಥಂಬ್‌ನೇಲ್) ಮಾಡುವ ಪ್ರೋಗ್ರಾಮೋ ಫೈಲನ್ನು ಕೆದಕಲು ಹೋಗಿ ಆ ಸೆಕ್ಟರ್‌ಗಳಲ್ಲಿ ಬೀಳುತ್ತದೆ. ಡಿವಿಡಿಯಲ್ಲಿ ತಪ್ಪು ತಿದ್ದುವ ಲೆಕ್ಕ 16 ಸೆಕ್ಟರ್‌ಗಳ ಒಂದೊಂದು ಗುಂಪಿಗೆ, ಅಂದರೆ 32 ಕಿಲೋಬೈಟಿಗೆ ನಡೆಯುತ್ತದೆ. ಅದು ಸೋತರೆ ಡ್ರೈವ್ ವೇಗ ಇಳಿಸಿ ಮತ್ತೆ ಮತ್ತೆ ಓದುತ್ತದೆ. ಉತ್ತರ ಬರುವ ತನಕ ಕೇಳಿದ ಪ್ರೋಗ್ರಾಂ ಕರ್ನಲಿನೊಳಗೆ, ಅಂದರೆ ವಿಂಡೋಸಿನ ತಿರುಳಿನೊಳಗೆ, ಸಿಕ್ಕಿಕೊಂಡಿರುತ್ತದೆ. ಡ್ರೈವನ್ನು ಬೈದು ಪ್ರಯೋಜನವಿಲ್ಲ. ಲೆಕ್ಕಪತ್ರದ ಫೈಲಿನಲ್ಲಿ ಒಂದು ಬೈಟ್ ತಪ್ಪಿದರೂ ನಾವು ಒಪ್ಪುವುದಿಲ್ಲವಲ್ಲ, ಅದು ಕಲಿತಿರುವುದು ಆ ಶಿಸ್ತನ್ನೇ.

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರದಲ್ಲಿ ಇನ್ನೊಂದು ಕಾಟ. ಇಂಥ ತಪ್ಪುಗಳು ಆರು ಸಲ ಸೇರಿದರೆ ಅದು ಡ್ರೈವಿನ ಡಿಎಂಎ (ಪ್ರೊಸೆಸರನ್ನು ಕಾಡದೆ ದತ್ತಾಂಶ ಸಾಗಿಸುವ ವೇಗದ ವಿಧಾನ) ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ. ಇಳಿದೂ ಇಳಿದೂ ಕೊನೆಗೆ ಪ್ರೊಸೆಸರೇ ಎಲ್ಲವನ್ನೂ ಹೊರುವ ನಿಧಾನದ ಪಿಐಒ ವಿಧಾನಕ್ಕೆ ಬಂದು ಕೂರುತ್ತದೆ. ಆಮೇಲೆ ಒಳ್ಳೆಯ ಡಿಸ್ಕೂ ಎಳೆದೆಳೆದು ಓಡುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲನ್ನು (ಡ್ರೈವ್ ಸೇರಿರುವ ಸಂಪರ್ಕ) ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

ಡಿಸ್ಕ್ ಹಾಕಿದೊಡನೆ ತಾನೇ ತೆರೆಯುವ ಆಟೋಪ್ಲೇ ನಿಲ್ಲಿಸಿ, ವಿಎಲ್‌ಸಿ ಎಂಬ ಉಚಿತ ವಿಡಿಯೊ ಪ್ಲೇಯರ್ ಪ್ರೋಗ್ರಾಮಿನಲ್ಲಿ ಹಾಕಿದೆ. ಮೆನು ಸಮೇತ ತೆರೆದಾಗ ಸಿನಿಮಾ ಡಿಸ್ಕ್ ಮತ್ತೆ ಒದ್ದಾಡಿತು. 'ನೋ ಡಿಸ್ಕ್ ಮೆನೂಸ್' ಗುರುತು ಹಾಕಿ, ಟೈಟಲ್ (ಡಿಸ್ಕಿನೊಳಗಿನ ಒಂದೊಂದು ವಿಡಿಯೊ ಭಾಗ) ಸಂಖ್ಯೆಯನ್ನು ನಾನೇ ಕೊಟ್ಟಾಗ ಕೊನೆಯ ತನಕ ಓಡಿತು. ಒಂದು ಡಿವಿಡಿಯಲ್ಲಿ 99 ಟೈಟಲ್‌ವರೆಗೆ ಇರಬಹುದು. ನಕಲು ತಡೆಯುವವರು ಅಷ್ಟನ್ನೂ ಸುಳ್ಳು ಟೈಟಲ್‌ಗಳಿಂದ ತುಂಬುವುದೂ ಉಂಟು. ಹಾಗಾಗಿ ಅಸಲಿ ಯಾವುದೆಂದು ಹುಡುಕುವ ತಾಳ್ಮೆ ಬೇಕು. ಟಿವಿ ಪ್ಲೇಯರಿನಲ್ಲಿ ಸಿನಿಮಾ ಓಡುವಾಗ ಪರದೆಯ ಮೇಲೆ ಕಂಡ ಟೈಟಲ್ ಸಂಖ್ಯೆಯನ್ನು ಬರೆದುಕೊಳ್ಳುವುದು ಸುಲಭದ ದಾರಿ. ಕಂಪ್ಯೂಟರಿನಲ್ಲೇ ನೋಡಬೇಕೆಂದರೆ ನನ್ನ ಮತ ಇದಕ್ಕೇ.

ಲೇಬಲ್ ಡಿಸ್ಕಿಗೆ ಮಾತ್ರ ವಿಎಲ್‌ಸಿ ಸಾಲದು. 16 ಎಕ್ಸ್ ಡ್ರೈವ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 10,000 ಸುತ್ತಿನ ಹತ್ತಿರ ಹೋಗುತ್ತದೆ. ಓರೆಯಾಗಿ ಅಂಟಿದ ಕಾಗದ ಆ ವೇಗದಲ್ಲಿ ಡಿಸ್ಕನ್ನು ನಡುಗಿಸುತ್ತದೆ. ಮೇಜಿನ ಮೇಲೆ ಕೈಯಿಟ್ಟರೆ ಗೊತ್ತಾಗುತ್ತದೆ. ಲಿನಕ್ಸಿನಲ್ಲಿ ಎಜೆಕ್ಟ್ ಕಮಾಂಡಿನಿಂದ ವೇಗ ಇಳಿಸಿ, ಕೆಟ್ಟ ಡಿಸ್ಕಿನಿಂದ ದತ್ತಾಂಶ ಎತ್ತುವ ಡಿಡಿರೆಸ್ಕ್ಯೂ ಪ್ರೋಗ್ರಾಂ ಓಡಿಸಿದೆ. ಅದು ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಗುರುತಿಡುವ ಮ್ಯಾಪ್‌ಫೈಲ್ ಇಟ್ಟರೆ ನಡುವೆ ನಿಲ್ಲಿಸಿ ಇನ್ಯಾವಾಗಲೋ ಮುಂದುವರಿಸಬಹುದು. ಸಿಕ್ಕಿದ ಐಎಸ್‌ಒ ಫೈಲನ್ನು (ಇಡೀ ಡಿಸ್ಕಿನ ಪ್ರತಿ) ವಿಎಲ್‌ಸಿ ತೆರೆಯಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಂಗಡಿಯ ಸಿನಿಮಾ ಡಿಸ್ಕಿಗೆ ಈ ದಾರಿ ಬೇಡ: ಗುಪ್ತಲಿಪಿಯ ಬೀಗ ಹಾಕಿದ ಸೆಕ್ಟರ್‌ಗಳನ್ನು, ಕೀಲಿಯ ವಿನಿಮಯ ಮುಗಿಯದೆ ಡ್ರೈವ್ ಕೊಡುವುದಿಲ್ಲ, ಬೇಕೆಂದೇ ಕೆಡಿಸಿದವು ಎಷ್ಟು ಹೊತ್ತು ಓದಿದರೂ ಬರುವುದಿಲ್ಲ.

ಒಳಗಿನ ಡ್ರೈವೋ ಹೊರಗಿನ ಯುಎಸ್‌ಬಿ ಡ್ರೈವೋ ಎಂದರೆ, ತರಲೆ ಡಿಸ್ಕಿಗೆ ಹೊರಗಿನದೇ ವಾಸಿ. ಓದುವುದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಆದರೆ ಸಿಕ್ಕಿಕೊಂಡಾಗ ಕೇಬಲ್ ಕಿತ್ತರೆ ಬಹುಪಾಲು ಕಂಪ್ಯೂಟರ್ ಮತ್ತೆ ಕೈಗೆ ಬರುತ್ತದೆ.