ಜವಾಹರ್ ನವೋದಯ ವಿದ್ಯಾಲಯ: ಮಗಳನ್ನು ಏಳು ವರ್ಷ ಓದಿಸಿದ ತಾಯಿಯ ಅಭಿಪ್ರಾಯ

ನಮ್ಮ ಮಗಳು ಆರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗೆ ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯದಲ್ಲಿ ಓದಿ ಈ ವರ್ಷ ಹೊರಬಂದಿದ್ದಾಳೆ. ಊರಿನಲ್ಲಿ ಐದನೇ ತರಗತಿಯ ಮಕ್ಕಳಿರುವ ಮನೆಯವರು ನಮ್ಮನ್ನು ಮತ್ತೆ ಮತ್ತೆ ಕೇಳುವುದು ಎರಡೇ ಮಾತು: ಹನ್ನೊಂದು ವರ್ಷದ ಮಗುವನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಂದರೆ ಅದು ಯಾರ ನಡುವೆ ಬೆಳೆಯುತ್ತದೆ, ಮತ್ತು ಬಿಟ್ಟು ಬಂದ ತಂದೆತಾಯಿಗೆ ಮಾಡಲು ಏನು ಉಳಿಯುತ್ತದೆ. ಅಂಕ, ಫಲಿತಾಂಶಗಳ ವಿವರ ಎಲ್ಲೆಡೆ ಸಿಗುವುದರಿಂದ ಈ ಎರಡು ಪ್ರಶ್ನೆಗಳ ಬಗ್ಗೆ ಮಾತ್ರ ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಶಾಲೆಯ ಸ್ವರೂಪವನ್ನು ತಿಳಿಯದವರಿಗಾಗಿ ಕೆಲವು ಮಾತು. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ, ಮನೆಯ ಹಣಕಾಸು ಹೇಗೇ ಇರಲಿ, ಒಳ್ಳೆಯ ಶಿಕ್ಷಣ ಸಿಗಬೇಕೆಂದು ಕೇಂದ್ರ ಸರ್ಕಾರ ಆರಂಭಿಸಿದ ವಸತಿ ಶಾಲೆಗಳಿವು. ಮೊದಲ ಎರಡು ಶಾಲೆಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ತೆರೆದವು. ಇಂದು ದೇಶದಲ್ಲಿ 650ಕ್ಕೂ ಹೆಚ್ಚು ಇವೆ. ಕನಿಷ್ಠ ಶೇ. 75ರಷ್ಟು ಸೀಟುಗಳು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂಬತ್ತನೇ ತರಗತಿಯಿಂದ ವಿದ್ಯಾಲಯ ವಿಕಾಸ ನಿಧಿಗೆಂದು ತಿಂಗಳಿಗೆ 600 ರೂಪಾಯಿ ಪಡೆಯುವ ಕ್ರಮವಿದ್ದರೂ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಕೃಷಿಯನ್ನೇ ನಂಬಿದ ನಮ್ಮಂಥ ಮನೆಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಎರಡು ಗಂಟೆಯಲ್ಲಿ 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಉಳಿದದ್ದು ಅಂಕಗಣಿತಕ್ಕೂ ಭಾಷೆಗೂ. ಅರ್ಜಿಗೆ ಶುಲ್ಕವಿಲ್ಲ. ನಾವು ಅರಿವಿಲ್ಲದೆ ಪಟ್ಟಣದ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ಹಣ ಕಟ್ಟಿ, ಎರಡು ತಿಂಗಳಾದ ಮೇಲೆ ಬಿಡಿಸಿದೆವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲಿ ಕುಳಿತು ಬಿಡಿಸಿದ್ದೇ ಅವಳಿಗೆ ನೆರವಾಯಿತು.

ಮೊದಲ ತಿಂಗಳು ಕಷ್ಟದ್ದು. ಟ್ರಂಕಿಗೆ ಹೆಸರು ಬರೆಸಿ, ಹಾಸಿಗೆ ಬಕೆಟ್ಟುಗಳನ್ನು ಡಾರ್ಮಿಟರಿಯಲ್ಲಿ ಇಟ್ಟು, ಹಿಂದಿರುಗಿ ನೋಡದೆ ಬಸ್ಸು ಹತ್ತಿದ ದಿನವನ್ನು ನಾನು ಮರೆಯಲಾರೆ. ಆದರೆ ಹೊಸದಾಗಿ ಬಂದ ಮಕ್ಕಳನ್ನು ಮೊದಲು ಹಿಡಿದು ನಿಲ್ಲಿಸುವವರು ದೊಡ್ಡ ತರಗತಿಯ ಮಕ್ಕಳೇ ಎಂಬುದು ನನಗೆ ತಡವಾಗಿ ತಿಳಿಯಿತು. ಎಲ್ಲ ನವೋದಯಗಳಲ್ಲಿಯೂ ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ನಾಲ್ಕು ಹೌಸುಗಳಾಗಿ ವಿಂಗಡಿಸುತ್ತಾರೆ. ನೀಲಗಿರಿಗೆ ಸೇರಿದ ನಮ್ಮ ಮಗಳಿಗೆ ತಲೆ ಬಾಚಿ ಎರಡು ಜಡೆ ಹಾಕಲು ಕಲಿಸಿದವಳು, ಬಟ್ಟೆ ಒಗೆಯುವಾಗ ಕಾಲರನ್ನು ಹೇಗೆ ತಿಕ್ಕಬೇಕೆಂದು ತೋರಿಸಿದವಳು, ರಾತ್ರಿ ಅಳುತ್ತಿದ್ದಾಗ ಪಕ್ಕದಲ್ಲಿ ಬಂದು ಕುಳಿತವಳು ಹತ್ತನೇ ತರಗತಿಯ ಒಬ್ಬ ಹುಡುಗಿ. ಇಂದಿಗೂ ಮನೆಯಲ್ಲಿ ಅವಳ ಹೆಸರು ಬಂದರೆ ಮಗಳು 'ನಮ್ಮ ಅಕ್ಕ' ಎಂದೇ ಹೇಳುತ್ತಾಳೆ. ಮೂರು ವರ್ಷಗಳ ನಂತರ ನಮ್ಮ ಮಗಳೇ ಹೊಸಬರ ಪಾಲಿಗೆ ಅಂಥ ಅಕ್ಕನಾದಳು. ಹೌಸ್ ಮಿಸ್ಟ್ರೆಸ್ ಮತ್ತು ಮೇಟ್ರನ್ ಇದ್ದರೂ ಅಷ್ಟು ಮಕ್ಕಳ ಕೂದಲು, ಜ್ವರ, ಜಗಳಗಳನ್ನೆಲ್ಲ ಇಬ್ಬರು ಹಿರಿಯರು ನೋಡಿಕೊಳ್ಳುವುದು ಸಾಧ್ಯವಿಲ್ಲದ ಮಾತು. ಈ ಶಾಲೆಯ ನಿಜವಾದ ಬಲ ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳುವ ಈ ಸಾಲಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಪೋಷಕರು ಸಿದ್ಧರಾಗಿರಬೇಕಾದ ಇನ್ನೊಂದು ಸಂಗತಿ ಇದೆ. ಒಂದು ತರಗತಿಗೆ ಬರುವ 80 ಮಕ್ಕಳಲ್ಲಿ ಬಹುತೇಕ ಎಲ್ಲರೂ ತಮ್ಮ ತಮ್ಮ ಊರಿನ ಶಾಲೆಯಲ್ಲಿ ಮೊದಲಿಗರು. ಊರಿನಲ್ಲಿ ಎಲ್ಲರ ಬಾಯಲ್ಲಿಯೂ ಹೊಗಳಿಸಿಕೊಂಡ ಮಗು ಮೊದಲ ಪರೀಕ್ಷೆಯಲ್ಲಿ ನಲವತ್ತನೆಯ ಸ್ಥಾನಕ್ಕೆ ಬಂದಾಗ ಅದರ ಮುಖ ಹೇಗಿರುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಆ ಹೊತ್ತಿನಲ್ಲಿ ಪಕ್ಕದ ಮನೆಯ ಮಗುವಿನ ಅಂಕ ಕೇಳುವ ತಂದೆತಾಯಿ ಮಗುವಿಗೆ ಮಾಡುವ ಹಾನಿ ಬಹಳ ದೊಡ್ಡದು. ನಮ್ಮ ಮನೆಯವರೂ ಒಮ್ಮೆ ಹಾಗೆ ಕೇಳಿದರು. ಮುಂದಿನ ತಿಂಗಳು ನಾವು ಹೋದಾಗ ಮಗಳು ಊಟ ಮುಗಿಯುವವರೆಗೂ ಶಾಲೆಯ ವಿಷಯವನ್ನೇ ಎತ್ತಲಿಲ್ಲ. ಅಂದಿನಿಂದ ಅಂಕದ ಮಾತನ್ನು ಅವಳಾಗಿಯೇ ತೆಗೆಯಲಿ ಎಂದು ಬಿಟ್ಟೆವು.

ಪೋಷಕರ ಭೇಟಿಗೆ ನಮಗೆ ತಿಂಗಳಿಗೊಂದು ಭಾನುವಾರ ನಿಗದಿಯಾಗಿತ್ತು. ಆ ದಿನ ಗೇಟು ತೆರೆಯುವ ಹೊತ್ತಿಗೆ ಬಸ್ಸು, ಟೆಂಪೋ, ಬೈಕುಗಳಲ್ಲಿ ಜಿಲ್ಲೆಯ ಮೂಲೆಮೂಲೆಯಿಂದ ಜನ ಬಂದಿರುತ್ತಾರೆ. ಮರಗಳ ಕೆಳಗೆ ಚಾಪೆ ಹಾಸಿ, ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ, ಹೋಳಿಗೆ, ಮೊಸರನ್ನದ ಡಬ್ಬಿಗಳನ್ನು ಬಿಚ್ಚುತ್ತಾರೆ. ಆರಂಭದಲ್ಲಿ ನಾನು ಮೂವರಿಗೆ ಆಗುವಷ್ಟು ಅಡುಗೆ ಒಯ್ಯುತ್ತಿದ್ದೆ. ಮಗಳು ತನ್ನ ಜೊತೆಗೆ ಇಬ್ಬರು ಗೆಳತಿಯರನ್ನು ಕರೆತಂದಳು. ಅವರ ಮನೆಯವರು ಕೂಲಿ ಬಿಟ್ಟು ಬರಲಾಗದವರು. ಆಮೇಲೆ ಆರೇಳು ಮಂದಿಗೆ ಮಾಡಿಕೊಂಡು ಹೋಗುವುದು ರೂಢಿಯಾಯಿತು, ನಾನು ಹೋಗಲಾಗದ ತಿಂಗಳಲ್ಲಿ ಮಗಳು ಇನ್ನೊಬ್ಬ ತಾಯಿಯ ಚಾಪೆಯ ಮೇಲೆ ಕುಳಿತು ಉಂಡಳು. ಒಂಬತ್ತನೇ ತರಗತಿಯಲ್ಲಿ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಹಿಂದಿ ಪ್ರದೇಶದ ಮತ್ತು ಹಿಂದಿಯೇತರ ಪ್ರದೇಶದ ನವೋದಯಗಳ ನಡುವೆ ಅದಲುಬದಲು ಮಾಡುತ್ತಾರೆ. ಮಕ್ಕಳು ಇದನ್ನು ಮೈಗ್ರೇಶನ್ ಎನ್ನುತ್ತಾರೆ. ಹಾಗೆ ಉತ್ತರದಿಂದ ಬಂದ ಹುಡುಗಿಯೊಬ್ಬಳು ಆ ವರ್ಷ ಪೂರ್ತಿ ನಮ್ಮ ಚಾಪೆಯವಳಾದಳು. ಅವಳಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ಹೋಳಿಗೆಗೆ ತುಪ್ಪ ಹಾಕಿ ಕೊಟ್ಟಾಗ ಅವಳು 'ಇನ್ನೊಂದು ಬೇಕು ಅಮ್ಮಾ' ಎಂದು ಕನ್ನಡದಲ್ಲಿ ಕೇಳುವ ಹೊತ್ತಿಗೆ ದಸರಾ ರಜೆ ಸಮೀಪಿಸಿತ್ತು.

ಔಪಚಾರಿಕ ಪಾಲ್ಗೊಳ್ಳುವಿಕೆಗೂ ದಾರಿ ಇದೆ. ಪೋಷಕ-ಶಿಕ್ಷಕ ಮಂಡಳಿ ಇದೆ, ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ವಿದ್ಯಾಲಯ ನಿರ್ವಹಣಾ ಸಮಿತಿ ಇದೆ. ಎಂಟನೇ ತರಗತಿಯ ವರ್ಷದಲ್ಲಿ ನಾನು ಮಂಡಳಿಯಲ್ಲಿದ್ದಾಗ ಮೆಸ್ಸಿಗೆ ಹೋಗಿ ಮಕ್ಕಳ ಸಾಲಿನಲ್ಲಿಯೇ ತಟ್ಟೆ ಹಿಡಿದು ಊಟ ಮಾಡಿದ್ದೇನೆ, ದಾಸ್ತಾನು ಕೋಣೆ ನೋಡಿದ್ದೇನೆ. ಸಾರಿನಲ್ಲಿ ತರಕಾರಿ ಕಡಿಮೆ ಎಂದು ಹೇಳಿದಾಗ ಅದನ್ನು ಪುಸ್ತಕದಲ್ಲಿ ಬರೆಸಿಕೊಂಡು ಮುಂದಿನ ಬಾರಿ ಸರಿಪಡಿಸಿದ್ದನ್ನೂ ಕಂಡಿದ್ದೇನೆ. ಆದರೆ ಸಭೆಯಲ್ಲಿ ಮಾತನಾಡುವವರು ಓದುಬರಹ ಬಲ್ಲ ನಾಲ್ಕೈದು ಮಂದಿ ಮಾತ್ರ, ಉಳಿದ ತಾಯಂದಿರು ಹಿಂದಿನ ಸಾಲಿನಲ್ಲಿ ಸೆರಗು ಹಿಡಿದು ಕುಳಿತಿರುತ್ತಾರೆ. ಅವರಿಗೂ ಹೇಳುವುದು ಬಹಳವಿರುತ್ತದೆ. ಹೆಣ್ಣುಮಕ್ಕಳ ಡಾರ್ಮಿಟರಿಯ ನೀರಿನ ತೊಂದರೆಯನ್ನು ನನ್ನ ಕಿವಿಯಲ್ಲಿ ಹೇಳಿದವರು ಅವರೇ. ಸಭೆಗೆ ಮೊದಲೇ ಮರದ ಕೆಳಗೆ ಅವರ ಜೊತೆ ಅರ್ಧ ಗಂಟೆ ಕುಳಿತು ಕೇಳುವುದು ಪ್ರತಿ ಮಂಡಳಿಯ ಸದಸ್ಯರ ಕೆಲಸವಾಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮೈಗ್ರೇಶನ್‌ಗೆ ಹೋಗುವ ಮಕ್ಕಳ ಮನೆಯವರನ್ನು ಒಂದೆಡೆ ಕೂರಿಸಿ, ಹಿಂದಿನ ವರ್ಷ ಹೋಗಿಬಂದ ಮಕ್ಕಳಿಂದಲೇ ಅಲ್ಲಿನ ಚಳಿ, ಊಟ, ಭಾಷೆಯ ಬಗ್ಗೆ ಹೇಳಿಸಿದರೆ ಎಷ್ಟೋ ಮನೆಗಳ ಭಯ ತಗ್ಗುತ್ತದೆ.

ಯಾರಿಗೆ ಈ ಶಾಲೆ ಹೊಂದುತ್ತದೆ ಎಂದು ಕೇಳಿದರೆ, ಮಗುವಿಗೆ ಹೋಗುವ ಇಷ್ಟವಿದ್ದು ಮನೆಯವರು ತಿಂಗಳಿಗೊಮ್ಮೆಯಾದರೂ ಹೋಗಿಬರಬಲ್ಲವರಾದರೆ ಎರಡನೆಯ ಯೋಚನೆ ಬೇಡ ಎನ್ನುತ್ತೇನೆ. ಆರನೇ ತರಗತಿಯ ಪರೀಕ್ಷೆಯನ್ನು ಒಂದು ಮಗು ಒಂದೇ ಬಾರಿ ಬರೆಯಬಹುದು. ಅಷ್ಟು ಚಿಕ್ಕ ವಯಸ್ಸಿಗೆ ಕಳುಹಿಸಲು ಮನಸ್ಸು ಒಪ್ಪದವರಿಗೆ ಒಂಬತ್ತನೇ ತರಗತಿಯಲ್ಲಿ ಖಾಲಿ ಇರುವ ಸೀಟುಗಳಿಗಾಗಿ ಬೇರೆ ಪರೀಕ್ಷೆ ಇದೆ. ಹಾಗೆ ಬಂದ ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದಿಲ್ಲ. ಆದರೆ ಜಡೆ ಹಾಕಲು ಕಲಿಸುವ ಅಕ್ಕ ಅವರಿಗೆ ಸಿಗುವುದಿಲ್ಲ, ಹಾಗಾಗಿ ನಾನು ಆರನೇ ತರಗತಿಗೇ ಕಳುಹಿಸಿ ಎಂದು ಹೇಳುತ್ತಿದ್ದೇನೆ.