ಅಜ್ಜನ ಜೋಡಿ ನಳಿಗೆ, ನನ್ನ ಪಂಪ್ ಆಕ್ಷನ್: ಏಳು ವರ್ಷ ಬಳಸಿದ ಮೇಲೆ

ಮನೆಯಲ್ಲಿ ಎರಡು ಕೋವಿ ಇವೆ. ಒಂದು ಅಜ್ಜ 1961ರಲ್ಲಿ ಕೊಂಡ ಇಂಗ್ಲಿಷ್ ಜೋಡಿ ನಳಿಗೆ, 12 ಬೋರ್ (ಬೋರ್ ಅಂದರೆ ನಳಿಗೆಯ ಒಳಗಲದ ಅಳತೆ), ಬರ್ಮಿಂಗ್‌ಹ್ಯಾಮ್ ಮಾಲು. ಇನ್ನೊಂದು ನಾನು 2018ರಲ್ಲಿ ಬೆಂಗಳೂರಲ್ಲೇ ತಗೊಂಡ ದೇಶೀ ಪಂಪ್ ಆಕ್ಷನ್ (ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಈಡು ತುಂಬುವ ಕೋವಿ), ಅದೂ 12 ಬೋರ್. ಹಳೆಯದು ಸಕಲೇಶಪುರದ ತೋಟದ ಮನೆಯಿಂದ ವಾರಸುದಾರಿಕೆಯಲ್ಲಿ ನನ್ನ ಲೈಸೆನ್ಸಿಗೆ ಬಂತು. ಚಿಕ್ಕಪ್ಪನ ಒಂಟಿ ನಳಿಗೆಯನ್ನೂ ನನಗೇ ಕೊಡುವ ಮಾತಿತ್ತು, ಆದರೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಿಗೆ ಎರಡೇ ಕೋವಿ. ಹಾಗಾಗಿ ಯಾವ ಎರಡನ್ನು ಇಟ್ಟುಕೊಳ್ಳೋದು ಅನ್ನೋದು ನಮ್ಮ ಮನೆಯಲ್ಲಿ ನಿಜವಾಗಿಯೂ ಕೂತು ಮಾತಾಡಿದ ವಿಷಯ.

ಎರಡನ್ನೂ ರೇಂಜಿನಲ್ಲಿ, ವರ್ಷಕ್ಕೊಮ್ಮೆ ಸ್ನೇಹಿತನ ಊರಿನ ಕೈಲ್ ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ) ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಬಳಸಿದ್ದೇನೆ. ಶಿಕಾರಿಗೆ ಅಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಕಡಿವಾಣ ಹಾಕಿತು, 1991ರ ತಿದ್ದುಪಡಿಯೊಂದಿಗೆ ಕಥೆ ಮುಗಿಯಿತು. ಅಜ್ಜ ಶಿಕಾರಿಗೆಂದೇ ಕೊಂಡ ಕೋವಿಗೆ ಕೆಲಸ ತಪ್ಪಿತು ಅನ್ನಿ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಲೈಸೆನ್ಸ್ ಕೈಗೆ ಬಂದ ಹೊಸದು. ಅಂಗಡಿಗೆ ಹೋಗಿ "12 ಬೋರ್ ತೋಟೆ (ಮದ್ದು, ಚರೆ ತುಂಬಿದ ಕಾರ್ಟ್ರಿಜ್) ಕೊಡಿ" ಅಂದೆ, ಅವರು ಒಂದು ಡಬ್ಬ ಕೊಟ್ಟು ಲೈಸೆನ್ಸಿನಲ್ಲಿ ಬರೆದುಕೊಟ್ಟರು. ಡಬ್ಬದ ಮೇಲೆ 70 ಎಂಎಂ ಅಂತ ಇತ್ತು. ಅವರೂ ಕೇಳಲಿಲ್ಲ, ನಾನೂ ನೋಡಲಿಲ್ಲ. ರೇಂಜಿನಲ್ಲಿ ಅಜ್ಜನ ಕೋವಿಗೆ ಹಾಕಿದೆ, ಬೆಣ್ಣೆಯಂತೆ ಒಳಗೆ ಹೋಯಿತು, ಕೋವಿ ಕ್ಲಿಕ್ಕೆಂದು ಮುಚ್ಚಿತು. ಈಡು ಹೊಡೆದಾಗ ಭುಜಕ್ಕೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಯಿತು. ಖಾಲಿ ತೋಟೆ ಸುಲಭಕ್ಕೆ ಹೊರಗೆ ಬರಲಿಲ್ಲ. ಉಗುರು ಹಾಕಿ ಎಳೆದು ನೋಡಿದರೆ ಅದರ ಬಾಯಿ ಹಲ್ಲುಜ್ಜಿ ಬಿಸಾಡಿದ ಬೇವಿನ ಕಡ್ಡಿಯ ತುದಿಯಂತೆ ಎಳೆ ಎಳೆಯಾಗಿತ್ತು. ಪಕ್ಕದವರು "ಹಳೇ ಕೋವಿ, ಹಂಗೇ ಇರತ್ತೆ ಬಿಡಿ" ಅಂದರು. ಇನ್ನೂ ಮೂರು ಹೊಡೆದೆ. ಈಗ ನೆನೆಸಿಕೊಂಡರೆ ಬೆವರು ಬರುತ್ತದೆ.

ಆ ಖಾಲಿ ತೋಟೆಯನ್ನು ಜೇಬಿನಲ್ಲಿಟ್ಟುಕೊಂಡು ಸಿಟಿಯೊಳಗಿನ ಹಳೆಯ ಕೋವಿ ಮೇಸ್ತ್ರಿಯ ಹತ್ತಿರ ಹೋದೆ. ಅವರು ತೋಟೆಯ ಬಾಯಿ ನೋಡಿದವರೇ ನನ್ನ ಮುಖ ನೋಡಿದರು. "ಸಾರ್, ತೋಟೆ ಒಳಗೆ ಹೋಗುತ್ತೆ ಅಂತ ಹಾಕಿಬಿಡೋದಲ್ಲ. ಅದು ಬಾಯಿ ಬಿಡೋಕೆ ಜಾಗ ಇದೆಯಾ ನೋಡ್ಬೇಕು." ನಳಿಗೆ ಬಿಚ್ಚಿ, ಮಗುಚಿ, ಕೆಳಗಿನ ಚಪ್ಪಟೆ ಭಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಟ್ಯೂಬ್‌ಲೈಟಿಗೆ ಹಿಡಿದರು. ಕಿರೀಟ, ಅದರ ಕೆಳಗೆ ಬಿಎನ್‌ಪಿ, ಪಕ್ಕದಲ್ಲಿ 12, ಎರಡೂವರೆ ಇಂಚು (ತೋಟೆಯ ಉದ್ದ), 3 ಟನ್ (ಚದರ ಇಂಚಿಗೆ ಒತ್ತಡದ ಮಿತಿ). ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನ ಮುದ್ರೆಗಳು. ಆ ಸಂಸ್ಥೆ 1813ರಿಂದ ಇದೆ, ಮಾರಾಟಕ್ಕೆ ಮೊದಲು ಪ್ರತಿ ಕೋವಿಗೂ ಹೆಚ್ಚಿನ ಒತ್ತಡದ ತೋಟೆ ಹೊಡೆದು ಪರೀಕ್ಷಿಸಿ ಮುದ್ರೆ ಹಾಕುತ್ತದೆ. ಕೋವಿಯ ಜಾತಕವೇ ಅಲ್ಲಿತ್ತು. ನಮ್ಮ ಮನೆಯವರು ಅರವತ್ತು ವರ್ಷ ಅದರ ಮೇಲೆ ಎಣ್ಣೆ ಸವರಿದರೇ ಹೊರತು ಒಬ್ಬರೂ ಓದಲಿಲ್ಲ.

ಎರಡೂವರೆ ಇಂಚು ಅಂದರೆ 65 ಎಂಎಂ. ಡಬ್ಬದ ಮೇಲೆ ಬರೆಯುವ 65, 70, 76 ಎಲ್ಲವೂ ಈಡು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಮಡಿಚಿದ ಬಾಯಿಯ 70ರ ತೋಟೆ ಹೊಡೆಯುವ ಮೊದಲು 60ರ ಒಳಗೇ ಇರುತ್ತದೆ, ಅದಕ್ಕೇ 65ರ ಚೇಂಬರಿಗೆ, ಅಂದರೆ ನಳಿಗೆಯಲ್ಲಿ ತೋಟೆ ಕೂರುವ ಗೂಡಿಗೆ, ಆರಾಮಾಗಿ ಕೂರುತ್ತದೆ. ಸಿಡಿದಾಗ ಮಡಿಕೆ ಮುಂದಕ್ಕೆ ಬಿಚ್ಚಿಕೊಂಡು, ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಚರೆ, ವ್ಯಾಡು (ಮದ್ದಿಗೂ ಚರೆಗೂ ನಡುವಿನ ಬಿರಡೆ) ಎಲ್ಲ ಆ ಇಕ್ಕಟ್ಟಿನಲ್ಲೇ ನುಗ್ಗಬೇಕು, ಒತ್ತಡ ಏರುತ್ತದೆ. ಸಾಲದ್ದಕ್ಕೆ 70ರ ತೋಟೆಯಲ್ಲಿ ಸಾಮಾನ್ಯವಾಗಿ ಚರೆಯೂ ಜಾಸ್ತಿ, ಮದ್ದೂ ಜೋರು.

"ಚೇಂಬರ್ ಕೊರೆದು 70 ಮಾಡಿಕೊಡ್ತೀವಿ" ಅಂತ ಇನ್ನೊಂದು ಕಡೆ ಹೇಳಿದರು. ಬೇಡ ಅಂದೆ. ಒತ್ತಡ ಅತಿ ಹೆಚ್ಚು ಬೀಳುವ ಜಾಗದಲ್ಲೇ ಲೋಹ ತೆಳು ಮಾಡೋದು, ಆಮೇಲೆ ಹಳೆಯ ಮುದ್ರೆ ನಂಬಿಕೊಂಡು ಕೆನ್ನೆ ಇಡೋದು ನನ್ನಿಂದಾಗದು.

ಈಗ ಅಜ್ಜನ ಕೋವಿಗೆ 65 ಎಂಎಂ, 28 ಗ್ರಾಂ ಚರೆಯ ತೋಟೆ ಬಿಟ್ಟು ಬೇರೆ ಹಾಕೋದಿಲ್ಲ. ಗ್ರೀನರ್ ಅನ್ನುವ ಇಂಗ್ಲಿಷ್ ಕೋವಿ ತಯಾರಕರದ್ದೊಂದು ಹಳೆಯ ಲೆಕ್ಕವಿದೆ: ಕೋವಿಯ ತೂಕ ಚರೆಯ ತೂಕದ 96 ಪಟ್ಟು ಇರಬೇಕು. ನಮ್ಮದು ಮೂರು ಕೆಜಿ, 31 ಗ್ರಾಂ ಬಂತು. 28 ಹಾಕಿದರೆ ಭುಜವೂ ಸುಖ, ಕೋವಿಯೂ ಸುಖ. 36 ಗ್ರಾಮಿನ ತೋಟೆ ಹಾಕಿ "ಪವರ್ ನೋಡು" ಅನ್ನುವವರ ಭುಜ ಅವರದ್ದು.

ಒಂದು ಭಾನುವಾರ ಹಳೇ ಪೇಪರ್ ಅಂಟಿಸಿ ಎರಡನ್ನೂ ಪರೀಕ್ಷೆ ಮಾಡಿದೆ. 40 ಗಜ ದೂರ, 30 ಇಂಚಿನ ವೃತ್ತ, 6ನೇ ನಂಬರ್ ಚರೆ. 28 ಗ್ರಾಂ ತೋಟೆಯಲ್ಲಿ ಇಂಗ್ಲಿಷ್ ಅಳತೆಗೆ ಸುಮಾರು 270 ಕಾಳು. ತೂತು ಎಣಿಸೋಕೆ ಮಗಳನ್ನು ಕೂರಿಸಿಕೊಂಡು ಸ್ಕೆಚ್ ಪೆನ್ನಲ್ಲಿ ಗುರುತು ಹಾಕುತ್ತಾ ಹೋದೆ. ಎಡ ನಳಿಗೆ 181, ಬಲ ನಳಿಗೆ 139. ಎಡದ್ದು ಫುಲ್ ಚೋಕ್, ಅಂದರೆ ಚರೆ ಬೇಗ ಚದುರದಂತೆ ತುದಿ ಬಿಗಿದ ನಳಿಗೆ, ಶೇ 70ರ ಹತ್ತಿರ. ಬಲದ್ದು ಸಡಿಲ, ಶೇ 50. ಹತ್ತಿರದ ಹಕ್ಕಿಗೆ ಮುಂದಿನ ಕುದುರೆ (ಟ್ರಿಗರ್), ದೂರ ಹಾರಿದ್ದಕ್ಕೆ ಹಿಂದಿನ ಕುದುರೆ, ಅಜ್ಜನ ಕಾಲದ ಯೋಚನೆ. ಅರವತ್ತು ವರ್ಷದ ಮೇಲೂ ಕೈ ತಪ್ಪಿಲ್ಲ. ಪಂಪ್ 112. ಅದರಲ್ಲಿ ಚೋಕ್ ಇಲ್ಲ, ಬರೀ ನೇರ ಕೊಳವೆ. ಅದಕ್ಕೆ ಅಷ್ಟು ನ್ಯಾಯವೇ.

ಹಾಗಂತ ಪಂಪನ್ನು ತೆಗೆದುಹಾಕುವ ಹಾಗಿಲ್ಲ. ಅದರ ಚೇಂಬರ್ 76 ಎಂಎಂ, 65, 70 ಏನು ಕೊಟ್ಟರೂ ತಿನ್ನುತ್ತದೆ. ಬೆಂಗಳೂರಿನಲ್ಲಿ ನಾನು ತಿರುಗುವ ಅಂಗಡಿಗಳಲ್ಲಿ ಕೇಳಿದ ದಿನ 65 ಸಿಗೋದು ಪುಣ್ಯ, 70 ಸದಾ ಇರುತ್ತದೆ. ತೆಂಗಿನಕಾಯಿಗೆ ಒಂಟಿ ಗುಂಡು ಹಾಕುವಾಗಲೂ ಪಂಪೇ ಸರಿ. ಫುಲ್ ಚೋಕ್‌ನಲ್ಲಿ ನಳಿಗೆಯ ತುದಿ ಸುಮಾರು ಒಂದು ಎಂಎಂ ಕಿರಿದಾಗಿರುತ್ತದೆ, ಅಲ್ಲಿ ದಪ್ಪ ಗುಂಡು ತೂರಿಸುವ ಧೈರ್ಯ ಬೇಡ. ಪಂಪಿನ ದೂರುಗಳೂ ಇವೆ: ಮೊದಲ ವರ್ಷ ನಾಲ್ಕೈದು ಸಲ ಜಾಮ್ ಆಯಿತು, ಅರ್ಧ ತಪ್ಪು ಪೂರ್ತಿ ಹಿಂದಕ್ಕೆ ಎಳೆಯದ ನನ್ನದು, ಅರ್ಧ ಒಳಗಿನ ಒರಟು ಕೆಲಸದ್ದು. ಮುಂಭಾರ. ಕೆನ್ನೆಗೆ ಎತ್ತಿದಾಗ ಕಣ್ಣು ತಾನಾಗಿ ಸಾಲಿಗೆ ಬರುವುದಿಲ್ಲ, ಹುಡುಕಬೇಕು. ಅಜ್ಜನದನ್ನು ಎತ್ತಿದರೆ ನೋಡುವ ಮೊದಲೇ ಗುರಿ ಕೂತಿರುತ್ತದೆ.

ಇನ್ನೂ ಹಳೆಯದು, ನಳಿಗೆಯ ಮೇಲೆ ಸುರುಳಿ ಸುರುಳಿ ಚಿತ್ತಾರವಿರುವ ಡಮಾಸ್ಕಸ್ ಕೋವಿ ನಿಮ್ಮ ಮನೆಯಲ್ಲಿದ್ದರೆ ಅದರ ಮಾತೇ ಬೇರೆ. ಅವುಗಳಲ್ಲಿ ಬಹಳಷ್ಟು ಕರಿ ಮದ್ದಿಗೆ ಮಾತ್ರ ಪರೀಕ್ಷೆಯಾದವು. ಈಗಿನ ತೋಟೆ ಹಾಕಲೇಬೇಡಿ. ಹಾಗೇ 20 ಬೋರ್ ತೋಟೆಯನ್ನು 12ರ ಜೊತೆ ಒಂದೇ ಜೇಬಿಗೆ ಹಾಕಬೇಡಿ. ಅದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡಿದ್ದು ಕಾಣದೆ ಹಿಂದಿನಿಂದ 12 ತುರುಕಿ ಹೊಡೆದರೆ ನಳಿಗೆ ಒಡೆಯುತ್ತದೆ. 20ರ ತೋಟೆಗೆ ಹಳದಿ ಬಣ್ಣ ಹಾಕುವುದು ಇದಕ್ಕೇ.

ಜರ್ಮನಿಯಲ್ಲಿರುವ ಭಾವ ಸ್ಟೀಲ್ ಚರೆಯ ತೋಟೆ ಬಗ್ಗೆ ಹೇಳುತ್ತಿರುತ್ತಾನೆ. ಅಮೆರಿಕದಲ್ಲಿ ನೀರುಹಕ್ಕಿಗೆ ಸೀಸದ ಚರೆ 1991ರಿಂದಲೇ ಇಲ್ಲ, ಯುರೋಪಿನ ಜೌಗು ಪ್ರದೇಶಗಳಲ್ಲಿ 2023ರಿಂದ ಇಲ್ಲ. ಒಳ್ಳೆಯದೇ, ಆದರೆ ಸ್ಟೀಲ್ ಗಟ್ಟಿ, ಹಳೆಯ ತೆಳು ನಳಿಗೆಗೂ ಬಿಗಿ ಚೋಕಿಗೂ ಒಗ್ಗದು. ಅಲ್ಲಿಯ ಹಳೇ ಕೋವಿಯವರು ಮೆತ್ತಗಿನ ಬಿಸ್ಮತ್ ಲೋಹದ ಚರೆ ಹಿಡಿದಿದ್ದಾರೆ, ದುಬಾರಿಯಂತೆ.

ನಗರದಲ್ಲಿ ಕೋವಿ ಇಡುವವರ ಇನ್ನೊಂದು ಗೋಳು ಚುನಾವಣೆ. 2019, 2023, 2024, ಮೂರು ಸಲ ಚುನಾವಣೆ ಮುಗಿಯುವ ತನಕ ಎರಡು ಕೋವಿಯನ್ನೂ ಜಮಾ ಇಟ್ಟೆ. 2023ರಲ್ಲಿ ವಾಪಸ್ ತಂದಾಗ ಅಜ್ಜನ ಎಡ ನಳಿಗೆಯ ಮೇಲೆ ಎಳ್ಳು ಚೆಲ್ಲಿದಂತೆ ತುಕ್ಕಿನ ಚುಕ್ಕೆ. ಸಕಲೇಶಪುರದ ಮಳೆಗಾಲ ಅರವತ್ತು ಸಲ ಮಾಡದ್ದನ್ನು ಜಮಾ ಇಟ್ಟ ಕಡೆಯ ಕಪಾಟು ಎರಡು ತಿಂಗಳಲ್ಲಿ ಮಾಡಿತು. ಅಲ್ಲಿಂದ ಮುಂದೆ ಕೊಡುವ ಮೊದಲು ಒಳಗೆ ಹೊರಗೆ ದಪ್ಪಗೆ ಎಣ್ಣೆ ಸವರಿ, ಫೋಟೋ ತೆಗೆದು, ರಸೀದಿಯಲ್ಲಿ ಸ್ಥಿತಿ ಬರೆಸಿ ಕೊಡುತ್ತೇನೆ.

ಕೊಳ್ಳುವವರು ಕೇಳಿದರೆ: ಮನೆಯಲ್ಲಿ ಹಳೆಯದು ಇಲ್ಲದಿದ್ದರೆ ಹುಡುಕಿಕೊಂಡು ಹೋಗಬೇಡಿ, ಪಂಪ್ ಸಾಕು. ಇದ್ದರೆ ಮಾರುವ ಮೊದಲು ನಳಿಗೆ ಬಿಚ್ಚಿ ಮುದ್ರೆ ಓದಿಸಿ. ನನ್ನ ಬಳಿ ಈಗ 65ರ ತೋಟೆ 19 ಉಳಿದಿವೆ. ಅಂಗಡಿಯವರು ಮುಂದಿನ ತಿಂಗಳು ಬರುತ್ತೆ ಅಂದಿದ್ದಾರೆ, ಹೋದ ತಿಂಗಳೂ ಹಾಗೇ ಅಂದಿದ್ದರು.